ಎರಡು ಪಂಚನಾಮೆ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನಾರಾಯಣಪೇಟೆಯಲ್ಲಿ, ನಾನು ಈಗ ಕೆಲಸ ಮಾಡುವ ಆಸ್ಪತ್ರೆಯ ಕಾರಿಡಾರಿನಲ್ಲಿ. ಗದ್ವಾಲಿನಿಂದ ಬಂದಿದ್ದ ಎಕ್ಸ್‌ರೇ ವಿಭಾಗದ ಒಬ್ಬರು ಫೋನಿನಲ್ಲಿ ಬಂದ ಸಂದೇಶ ಓದಿ ಹೇಳಿದರು. ಹೇಳಿ, ನಿಮ್ಮ ಗುರುಗಳಲ್ಲವೇ ಎಂದು ನನ್ನ ಮುಖ ನೋಡಿದರು. ಹೌದು ಎಂದೆ. ಅಳು ಬರಲಿಲ್ಲ. ಬಂದಿದ್ದರೆ ನನಗೇ ಸಮಾಧಾನವಾಗುತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಕ್ತಲ್, ಗದ್ವಾಲ್ ಕಡೆ ಕಂಪ್ಯೂಟರ್ ಕೆಲಸ ಮಾಡುವ ಹತ್ತು ಜನರಿಗೆ ಯಾರೆಂದು ತಿಳಿದೇ ತಿಳಿಯುತ್ತದೆ, ಉಳಿದವರಿಗೆ ಹೆಸರಿನಿಂದ ಆಗಬೇಕಾದದ್ದೇನೂ ಇಲ್ಲ. ಅವರಿಂದ ನನಗೆ ಆದ ಅನ್ಯಾಯವನ್ನೂ ಅವರು ನನಗೆ ಕಲಿಸಿದ ವಿದ್ಯೆಯನ್ನೂ ಬೇರೆ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಪ್ರಯತ್ನ ಮಾಡಿ ನೋಡಿದ್ದೇನೆ.

ಮಕ್ತಲಿನಲ್ಲಿ ರಾಯಚೂರು ರಸ್ತೆಗೆ ಮುಖ ಮಾಡಿದ ಒಂದು ಕಟ್ಟಡ. ಕೆಳಗೆ ಬೀಜ, ಗೊಬ್ಬರದ ಅಂಗಡಿ, ಮೇಲೆ ಎರಡು ಕೋಣೆಯ ಸಣ್ಣ ಕಂಪನಿ. ಮೂರು ಊರಿನ ಆಸ್ಪತ್ರೆ, ಲ್ಯಾಬುಗಳಲ್ಲಿ ತೆಗೆದ ಎಕ್ಸ್‌ರೇ, ಸ್ಕ್ಯಾನ್ ಚಿತ್ರಗಳನ್ನೆಲ್ಲ ಒಂದು ದೊಡ್ಡ ಸರ್ವರಿನಲ್ಲಿ ಕೂಡಿಟ್ಟು ವೈದ್ಯರು ಕೇಳಿದಾಗ ಒದಗಿಸುವುದು ಅದರ ಕೆಲಸ. ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ಸೇರಿದಾಗ ಅವರು ಆ ಸರ್ವರಿಗೆ ಸರ್ವಾಧಿಕಾರಿ. ಐವತ್ತು ದಾಟಿದ ಸಣಕಲು ದೇಹ, ಗುಂಡಿ ತಪ್ಪಿಸಿ ಹಾಕಿದ ಅರ್ಧ ತೋಳಿನ ಅಂಗಿ. ಇಟಿಕ್ಯಾಲದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಅಲ್ಲಿಂದ ಟಿವಿ, ಟಿವಿಯಿಂದ ಕಂಪ್ಯೂಟರ್, ಹೀಗೆ ಬಿಚ್ಚುತ್ತ ಜೋಡಿಸುತ್ತಲೇ ಇಲ್ಲಿಯವರೆಗೆ ಬಂದಿದ್ದರು. ಕೈಯಲ್ಲಿ ಒಂದು ಸರ್ಟಿಫಿಕೇಟೂ ಇರಲಿಲ್ಲ. ಹೈದರಾಬಾದಿನ ಇಂಜಿನಿಯರುಗಳು ಕೈಚೆಲ್ಲಿದ ಯಂತ್ರವನ್ನು ಅವರು ಎಬ್ಬಿಸಿ ಕೂರಿಸುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ನಮ್ಮ ಮನೆಯವರು ರಾಯಚೂರು ಸೀಮೆಯಿಂದ ಬಂದ ಕಿರಾಣಿ ವ್ಯಾಪಾರಿಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಅವರ ಮನೆಯೂ ಹಾಗೆಯೇ. ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಮಾತು ಕೇಳಿ, 'ನಮ್ಮಾಕಿ ಅದಿ ಬಿಡು' ಎಂದರು. ಅಂದಿನಿಂದ ಕಂಪನಿಯ ಯಜಮಾನರ ಜೊತೆ, ಆಸ್ಪತ್ರೆಯವರ ಜೊತೆ ಎಷ್ಟೇ ತೆಲುಗು ನಡೆದರೂ ಆ ಕೋಣೆಯೊಳಗೆ ನಾವಿಬ್ಬರೇ ಇದ್ದಾಗ ಕನ್ನಡವೇ. ನಾನು ಅವರನ್ನು ಸರ ಎನ್ನುತ್ತಿದ್ದೆ. ಅವರು ನನ್ನನ್ನು ಅವ್ವಾ ಎನ್ನುತ್ತಿದ್ದರು, ಸಿಟ್ಟು ಬಂದಾಗಲೂ ಅವ್ವಾ ಎಂದೇ ಬೈಯುತ್ತಿದ್ದರು.

ಸರ್ವರ್ ಬೀಳುವುದು ಎಂದರೆ ಏನೆಂದು ಸ್ವಲ್ಪ ಹೇಳಬೇಕು. ಯಂತ್ರದೊಳಗೆ ಕರ್ನಲ್ ಎಂಬ ಮೂಲ ಪ್ರೋಗ್ರಾಂ ಇರುತ್ತದೆ. ಯಾರಿಗೆ ಯಾವಾಗ ಡಿಸ್ಕ್, ಯಾರಿಗೆ ಎಷ್ಟು ಮೆಮೊರಿ ಎಂದು ಕೆಲಸ ಹಂಚುವುದು ಅದೇ. ಅದು ಬಿದ್ದರೆ ಎಲ್ಲವೂ ಬಿದ್ದಂತೆ. ಬೀಳುವ ಮುಂಚೆ ತಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ ಎಂದು ಕೆಲವು ಸಾಲು ಪರದೆಯ ಮೇಲೆ ಬರೆಯುತ್ತದೆ. ವ್ಯವಸ್ಥೆ ಮಾಡಿಟ್ಟಿದ್ದರೆ ತನ್ನ ಮೆಮೊರಿಯನ್ನೆಲ್ಲ ಒಂದು ಕಡತವಾಗಿ ಉಳಿಸಿ ಹೋಗುತ್ತದೆ. ಅದಕ್ಕೆ ಡಂಪ್ ಎನ್ನುತ್ತೇವೆ. ಅನೇಕರು ಇದಾವುದನ್ನೂ ನೋಡದೆ ಸ್ವಿಚ್ ಒತ್ತಿ ಮತ್ತೆ ಶುರು ಮಾಡುತ್ತಾರೆ. ಸರನಿಗೆ ಅದು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

'ಬಿದ್ದ ಮೆಷಿನ್ ಮುಟ್ಟಬ್ಯಾಡ ಅವ್ವಾ. ಮೊದ್ಲ ಪಂಚನಾಮಾ, ಆಮ್ಯಾಲ ಎಬ್ಬಸಾದು' ಎನ್ನುತ್ತಿದ್ದರು.

ಪಂಚನಾಮೆ ಎನ್ನುವುದು ತಮಾಷೆಯ ಮಾತಲ್ಲ. ಅವರ ತಾತ ನಿಜಾಮರ ಕಾಲದಲ್ಲಿ ಕಂದಾಯ ನೋಡಿಕೊಳ್ಳುವ ಗಿರ್ದಾವರರ ಕೈಕೆಳಗೆ ಗುಮಾಸ್ತರಾಗಿದ್ದರಂತೆ. ಹೊಲದ ತಂಟೆ ಇರಲಿ, ಬಾವಿಗೆ ಬಿದ್ದ ಎತ್ತಿರಲಿ, ನೋಡಿದ್ದನ್ನು ಅಲ್ಲೇ ನಿಂತು ಬರೆದು, ಓದಿ ಹೇಳಿ, ಹತ್ತಿರವಿದ್ದವರ ಸಹಿ ಹಾಕಿಸುವುದು ಅವರ ಪದ್ಧತಿ. ಮೊಮ್ಮಗ ಆ ಪದ್ಧತಿಯನ್ನು ಸರ್ವರ್ ಕೋಣೆಗೆ ತಂದಿದ್ದರು. ಕೆಂಪು ಬಟ್ಟೆಯ ರಟ್ಟಿನ ದೊಡ್ಡ ರಿಜಿಸ್ಟರು. ಯಾವ ಗಂಟೆಗೆ ಬಿತ್ತು, ಪರದೆಯ ಮೇಲಿನ ಕೊನೆಯ ಸಾಲುಗಳೇನು, ಆಗ ಯಾವ ಯಾವ ಕೆಲಸ ನಡೆದಿತ್ತು, ಕಡೆಗೆ ಕಾರಣ. ಎರಡು ಸಹಿ, ಒಂದು ನೋಡಿದವರದು, ಒಂದು ಪಕ್ಕದಲ್ಲಿದ್ದವರದು. ಯಜಮಾನರೂ ಓದಬೇಕಲ್ಲ, ಅದಕ್ಕೆ ತೆಲುಗಿನಲ್ಲಿ ಬರೆಯುತ್ತಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದದೆ ಸಹಿ ಹಾಕಬಾರದೆಂಬುದು ಕಟ್ಟಾಜ್ಞೆ. ಒಮ್ಮೆ ನಾನು ಅವಸರದಲ್ಲಿ ಓದದೆ ಗೀಚಿದ್ದಕ್ಕೆ ಇಡೀ ಪುಟ ಹರಿದು ಮತ್ತೆ ಬರೆಸಿದ್ದರು.

ಕಾರಣ ತಿಳಿಯದಿದ್ದರೆ 'ಗೊತ್ತಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದರು. ಯಜಮಾನರಿಗೆ ಆ ಪದ ಸೇರುತ್ತಿರಲಿಲ್ಲ, ಆಸ್ಪತ್ರೆಯವರಿಗೆ ಏನು ಹೇಳಲಿ ಎಂದು ರೇಗುತ್ತಿದ್ದರು. ಇವರು ಅಲ್ಲಾಡುತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆಯುವುದಕ್ಕೂ ಎದೆ ಬೇಕು ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದರು. ಆ ಮಾತಿಗೆ ನಾನು ಮಾರುಹೋಗಿದ್ದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಅಂಥ ಮನುಷ್ಯ ಸಿಕ್ಕರೆ ಯಾರು ಮಾರುಹೋಗುವುದಿಲ್ಲ?

ಬಿದ್ದ ಕರ್ನಲ್ ಬಿಟ್ಟುಹೋದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಲು ಕಲಿಸಿದವರೂ ಅವರೇ. ಮೇಲಿನ ಸಾಲು ಕಡೆಯ ಗಳಿಗೆಯದು, ಎಲ್ಲರ ಕಣ್ಣೂ ಮೊದಲು ಬೀಳುವುದು ಅಲ್ಲಿಗೇ. ನಾನೂ ಹಾಗೆ ಓದಿ ತಪ್ಪು ಕಾರಣ ಹೇಳಿದಾಗ ನಕ್ಕುಬಿಟ್ಟರು. 'ಜಗಳ ಬಿಡಸಾಕ ಹೋದಾಗ ಕೊನೀ ಏಟು ಯಾರು ಹೊಡದ್ರು ಅಂತ ಕೇಳಬ್ಯಾಡ. ಮೊದ್ಲ ಯಾರು ಬಂದ್ರು, ಅದನ್ನ ಕೇಳು' ಎಂದರು. ಇಂದಿಗೂ ನನ್ನ ಬೆರಳು ಪರದೆಯ ಕೆಳ ಅಂಚಿನಿಂದಲೇ ಶುರುವಾಗುತ್ತದೆ.

ಗದ್ವಾಲಿನ ಲ್ಯಾಬಿಗೆ ಹೋದಾಗಲೆಲ್ಲ ಬರುವ ದಾರಿಯಲ್ಲಿ ಜೂರಾಲ ಅಣೆಕಟ್ಟಿನ ಹತ್ತಿರ ಜೀಪು ನಿಲ್ಲಿಸುತ್ತಿದ್ದರು. ಅಲ್ಲಿಯ ಅಂಗಡಿಗಳ ಹುರಿದ ಮೀನೆಂದರೆ ಅವರಿಗೆ ಪ್ರಾಣ. ನಾನು ಲಿಂಗ ಕಟ್ಟಿದ ಮನೆಯವಳು, ಮೆಣಸಿನಕಾಯಿ ಬಜ್ಜಿ ಕೊಂಡು ಗಾಳಿ ಬರುವ ಕಡೆ ಸರಿದು ನಿಲ್ಲುತ್ತಿದ್ದೆ. ಮೀನಿನ ಮುಳ್ಳು ಬಿಡಿಸುತ್ತಲೇ ಪಾಠ ನಡೆಯುತ್ತಿತ್ತು. ಆಸ್ಪತ್ರೆಗಳಿಂದ ಬಂದ ಚಿತ್ರ ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ, ಮೊದಲು ಮೆಮೊರಿಯಲ್ಲಿ ನಿಂತು ಸರದಿ ಕಾಯುತ್ತದೆ. ಒಳಗೆ ಬರುವುದು ಹೆಚ್ಚಾಗಿ ಹೊರಗೆ ಹೋಗುವುದು ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಅಣೆಕಟ್ಟಿನ ಗೇಟು ತೋರಿಸಿಯೇ ಹೇಳಿಕೊಟ್ಟರು. ಬಜ್ಜಿಯ ಕಾಗದದ ಮೇಲೆ ನಾನು ಅದನ್ನು ಬರೆದುಕೊಂಡದ್ದು ಕಂಡು, ಎಣ್ಣೆ ಹತ್ತಿದ ವಿದ್ಯೆ ಜಾರಿ ಹೋಗುತ್ತದೆ ಎಂದು ಚೇಷ್ಟೆ ಮಾಡಿದ್ದರು.

ಇನ್ನು ಆ ವಾರದ ಸಂಗತಿಗೆ ಬರುತ್ತೇನೆ.

ಮಳೆಗಾಲ ಮುಗಿದು ಜ್ವರದ ದಿನಗಳು. ಮೂರು ಊರಿನಿಂದಲೂ ಚಿತ್ರಗಳು ಒಂದೇ ಸಮನೆ ಬರುತ್ತಿದ್ದವು. ಸಾಲದ್ದಕ್ಕೆ ಸರ್ವರಿನ ಒಂದು ಡಿಸ್ಕ್ ಕೆಟ್ಟು, ಹೊಸದು ಹಾಕಿ, ಅದರೊಳಗೆ ಹಳೆಯ ಮಾಹಿತಿಯೆಲ್ಲ ಮತ್ತೆ ತುಂಬಿಕೊಳ್ಳುತ್ತಿತ್ತು. ದಿನವೂ ಸಂಜೆ ಚಿತ್ರಗಳ ಇನ್ನೊಂದು ಪ್ರತಿ ತೆಗೆದಿಡುವ ಬ್ಯಾಕಪ್ ನಡೆಯುವ ಹೊತ್ತಿಗೇ ಕರೆಂಟು ಹೋಗುತ್ತಿದ್ದುದರಿಂದ ಅದನ್ನು ಮಧ್ಯಾಹ್ನಕ್ಕೆ ತರಲೇ ಎಂದು ನಾನು ಅವರನ್ನು ಕೇಳಿದೆ. 'ಮಾಡವ್ವ' ಎಂದರು. ಮಾಡಿದೆ. ನನ್ನ ಪಾಲಿನದು ಅಷ್ಟು, ಅದನ್ನು ನಾನು ಎಂದೂ ಇಲ್ಲವೆಂದಿಲ್ಲ.

ಸೋಮವಾರ ಸರ್ವರ್ ಬಿತ್ತು. ಪರದೆ ಖಾಲಿಯಾಗಿತ್ತು. ಡಂಪ್ ಉಳಿಸುವ ಜಾಗ ತುಂಬಿಹೋಗಿ ಅದೂ ಅರ್ಧಕ್ಕೆ ನಿಂತಿತ್ತು. ಗೊತ್ತಿಲ್ಲ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಮುಂದಿನ ಸಲ ಪೂರಾ ಸಿಗಲಿ ಎಂದು ಅವರು ಹಳೆಯ ಕಡತಗಳನ್ನು ತೆಗೆದು ಜಾಗ ಮಾಡಿದರು. ಗುರುವಾರ ಮಧ್ಯಾಹ್ನ ಮತ್ತೆ ಬಿತ್ತು. ಹೀಗೆ ಬಿದ್ದರೆ ಡಿಸ್ಕುಗಳ ತಪಾಸಣೆ ಮುಗಿದು ಯಂತ್ರ ಸರಿಯಾಗಿ ಏಳಲು ಮೂರು ನಾಲ್ಕು ತಾಸು ಬೇಕು. ಅದೇ ಹೊತ್ತಿಗೆ ನಾರ್ವದ ಕಡೆ ಹಿಂದಿನ ವಾರ ಗಾಡಿಯಿಂದ ಬಿದ್ದಿದ್ದ ಒಬ್ಬರನ್ನು, ತಲೆನೋವು ಹೆಚ್ಚಾಗಿ, ಮತ್ತೆ ಆಸ್ಪತ್ರೆಗೆ ತಂದಿದ್ದರು. ಬಿದ್ದಾಗ ತೆಗೆದಿದ್ದ ತಲೆಯ ಸ್ಕ್ಯಾನ್ ನೋಡದೆ ವೈದ್ಯರು ಮುಂದುವರಿಯುವ ಹಾಗಿರಲಿಲ್ಲ. ಚಿತ್ರ ನಮ್ಮಲ್ಲಿ, ನಮ್ಮ ಯಂತ್ರ ನೆಲದಲ್ಲಿ. ಅವರನ್ನು ಮತ್ತೆ ಸ್ಕ್ಯಾನ್ ಮಾಡಲು ಬೇರೆ ಊರಿಗೆ ಒಯ್ದರು. ಪುಣ್ಯಕ್ಕೆ ಆ ಮನುಷ್ಯ ಉಳಿದರು. ಆಸ್ಪತ್ರೆಯವರು ಮಾತ್ರ ಯಜಮಾನರನ್ನು ಹಿಡಿದು ಝಾಡಿಸಿದರು, ಅಂದೇ ಕಾರಣ ಬೇಕು ಎಂದರು.

ಸರ ನನ್ನನ್ನು ಪಕ್ಕದ ಕೋಣೆಯಲ್ಲಿ ಆಸ್ಪತ್ರೆಗಳ ಫೋನಿಗೆ ಉತ್ತರ ಕೊಡಲು ಕೂರಿಸಿ, ತಾವೊಬ್ಬರೇ ಯಂತ್ರದ ಮುಂದೆ ಕೂತರು. ಆ ಯಂತ್ರದ ಮುಖ್ಯ ಪಾಸ್‌ವರ್ಡ್ ಇದ್ದದ್ದು ಅವರ ಹತ್ತಿರ ಮಾತ್ರ. ಬಹಳ ಹೊತ್ತಿನ ಮೇಲೆ ರಿಜಿಸ್ಟರು ಹಿಡಿದು ಹೊರಗೆ ಬಂದರು. ಡಂಪ್ ಸಿಕ್ಕಿತೇ ಎಂದು ಕೇಳಿದೆ.

'ಇಲ್ಲವ್ವ, ಈ ಸಲಾನೂ ಅರ್ಧಕ್ಕ ನಿಂತೈತಿ. ಯಜಮಾನ್ರು ಕೆಳಗ ಕಾಯಾಕ ಹತ್ಯಾರ. ಲಗೂ ಸೈ ಮಾಡು.'

ಪುಟದ ಅಡಿಯಲ್ಲಿ ಬೆರಳಿಟ್ಟು ತೋರಿಸಿದರು. ನಾನು ಸಹಿ ಹಾಕಿದೆ. ಓದಲಿಲ್ಲ. ಬೇರೆ ಯಾರೇ ಆ ರಿಜಿಸ್ಟರು ಮುಂದೆ ಹಿಡಿದಿದ್ದರೂ ಅಕ್ಷರ ಅಕ್ಷರ ಓದುತ್ತಿದ್ದೆ, ಹಾಗೆ ಓದಬೇಕೆಂದು ಕಲಿಸಿದವರೇ ಹಿಡಿದಿದ್ದರಿಂದ ಓದಲಿಲ್ಲ.

ಕಾರಣದ ಜಾಗದಲ್ಲಿ ಅವರು ಬರೆದದ್ದು ಇಷ್ಟು: ಕಿರಿಯ ಸಿಬ್ಬಂದಿ ಅನುಮತಿಯಿಲ್ಲದೆ ಬ್ಯಾಕಪ್ ವೇಳೆ ಬದಲಿಸಿದ್ದರಿಂದ ಭಾರ ಹೆಚ್ಚಿ ಸರ್ವರ್ ಬಿದ್ದಿದೆ. ಅದನ್ನು ನಾನು ಕೇಳಿದ್ದು ಯಜಮಾನರ ಬಾಯಲ್ಲಿ, ಗೊಬ್ಬರದ ಅಂಗಡಿಯ ಹಿಂದಿನ ಅವರ ಕೋಣೆಯಲ್ಲಿ. ನಾನು ಸರನ ಕಡೆ ನೋಡಿದೆ. ತಾವೇ ಒಪ್ಪಿಗೆ ಕೊಟ್ಟದ್ದೆಂದು ಅವರು ಹೇಳುತ್ತಾರೆ ಎಂದು ಕಾದೆ. ಅವರು ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು: 'ನುವ್ವೇ ಕದಮ್ಮಾ ಟೈಮ್ ಮಾರ್ಚಿಂದಿ?'

ನೀನೇ ಅಲ್ಲವೇನಮ್ಮಾ ವೇಳೆ ಬದಲಿಸಿದ್ದು ಎಂದು. ಎರಡು ವರ್ಷದಲ್ಲಿ ಅವರು ನನ್ನೊಂದಿಗೆ ಆಡಿದ ಮೊದಲ ತೆಲುಗು ಮಾತು ಅದು. ನಾನು ಹೌದೆಂದೆ, ನಿಮ್ಮನ್ನು ಕೇಳಿಯೇ ಬದಲಿಸಿದ್ದು ಎಂದೆ. ಅವರು ಯಜಮಾನರಿಗೆ, ಹುಡುಗಿಗೆ ಅನುಭವ ಸಾಲದು, ಹೆದರಿದ್ದಾಳೆ ಎಂದರು. ಮೃದುವಾಗಿಯೇ ಹೇಳಿದರು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆನೇನೋ. ರಿಜಿಸ್ಟರಿನಲ್ಲಿ ನನ್ನ ಸಹಿಯೇ ಇತ್ತು. ಆ ಶನಿವಾರ ನನ್ನ ಕೆಲಸ ಹೋಯಿತು.

ಕೆಲಸ ಹೋದದ್ದಕ್ಕಿಂತ ಕೆಟ್ಟದ್ದು ಆಮೇಲೆ ಆದದ್ದು. ನನ್ನನ್ನು ಕಳಿಸಿದ ಮೇಲೆ ಆ ಸರ್ವರ್ ಒಂದು ಸಲವೂ ಬೀಳಲಿಲ್ಲ. ಅದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು? ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಎಂದರೆ ಒಂದು ಬಸ್ಸು ಹತ್ತಿ ಇಳಿದರೆ ಮುಗಿಯುವ ಲೋಕ. ಹೋದಲ್ಲೆಲ್ಲ, ಆ ಸರ್ವರ್ ಕೆಡವಿದ ಹುಡುಗಿ ನೀನೇ ಅಲ್ಲವೇ ಎಂದರು. ಒಂದು ಲ್ಯಾಬಿನವರು ಚಹಾ ಕೊಟ್ಟು ಕಳಿಸಿದರು. ಕಡೆಗೆ ಈ ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ ಬರೆಯುವ ಕಿಟಕಿಯಲ್ಲಿ ಕೂತೆ. ಮೂರು ವರ್ಷ ಕೂತೆ. ನಿಜ ಹೇಳಬೇಕೆಂದರೆ ನಾನೂ ನಂಬಿಬಿಟ್ಟಿದ್ದೆ, ತಪ್ಪು ನನ್ನದೇ ಇರಬೇಕು ಎಂದು. ಅವರು ಸುಳ್ಳು ಬರೆಯುವವರಲ್ಲವಲ್ಲ.

ಆಮೇಲೆ ನಮ್ಮ ಆಸ್ಪತ್ರೆಯವರು ಆ ಕಂಪನಿಯನ್ನು ಬಿಟ್ಟು, ತಮ್ಮ ಹಳೆಯ ಚಿತ್ರಗಳ ಸಮೇತ ಆ ಹಳೆಯ ಸರ್ವರನ್ನೇ ಕೊಂಡರು. ಕಂಪನಿಗೆ ಆಗಲೇ ಹೊಸದು ಬಂದಿತ್ತು, ಸರ ನಿವೃತ್ತಿಯಾಗಿ ಗದ್ವಾಲ್ ಸೇರಿದ್ದರು. ಪಾಸ್‌ವರ್ಡ್ ಬರೆದ ಚೀಟಿಯೊಂದಿಗೆ ಯಂತ್ರ ಬಂತು. ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ್ದಕ್ಕೆ ಚೀಟಿಯ ಕಿಟಕಿಯಿಂದ ನನ್ನನ್ನು ಎಬ್ಬಿಸಿ ಅದರ ಮುಂದೆ ಕೂರಿಸಿದರು.

ಡಂಪ್ ಅಲ್ಲೇ ಇತ್ತು. ಆ ಗುರುವಾರದ್ದು. ಅರ್ಧವಲ್ಲ, ಪೂರ್ತಿ.

ಕೆಳಗಿನಿಂದ ಮೇಲಕ್ಕೆ ಓದಿದೆ. ಯಂತ್ರದಲ್ಲಿ ಏನೂ ಕೆಟ್ಟಿರಲಿಲ್ಲ. ಯಾವುದೇ ಕೆಲಸ ಡಿಸ್ಕಿಗಾಗಿ ಎರಡು ನಿಮಿಷಕ್ಕಿಂತ ಹೆಚ್ಚು ಕಾದರೆ ತಾನಾಗಿಯೇ ನಿಂತುಬಿಡು ಎಂದು ಕರ್ನಲ್ಲಿಗೆ ಯಾರೋ ಆಜ್ಞೆ ಕೊಟ್ಟಿದ್ದರು. ಅದು ಆಜ್ಞೆಯಂತೆ ನಿಂತಿತ್ತು. ಆಜ್ಞೆಯ ಸಾಲು ಕರ್ನಲ್ಲಿನ ಆಜ್ಞೆಗಳನ್ನು ಬರೆದಿಡುವ ಕಡತದಲ್ಲಿ ಇನ್ನೂ ಇತ್ತು, ಈಗ ಕೆಲಸ ಮಾಡದಂತೆ ಮುಂದೆ ಒಂದು ಗುರುತು ಹಾಕಿತ್ತು, ಪಕ್ಕದಲ್ಲಿ ಸರನ ಹೆಸರಿನ ಎರಡಕ್ಷರ, ನಾನು ಕೆಲಸಕ್ಕೆ ಸೇರುವ ಎಷ್ಟೋ ಮುಂಚಿನ ತಾರೀಖು. ಅವರು ಯಾಕೆ ಹಾಗೆ ಮಾಡಿದ್ದರೆಂದು ನನಗೆ ಅರ್ಥವಾಯಿತು. ಮೊದಲ ದಿನಗಳಲ್ಲಿ ಯಂತ್ರ ಬೀಳದೆ ಸುಮ್ಮನೆ ಕಲ್ಲಾಗಿ ಕೂರುತ್ತಿತ್ತಂತೆ, ಆಸ್ಪತ್ರೆಯವರು ಕೂಗುವವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಕಲ್ಲಾಗುವ ಬದಲು ಬಿದ್ದು ಏಳಲಿ ಎಂದು ಆ ಸಾಲು ಹಾಕಿರಬೇಕು. ಆಗ ಅದು ಸರಿಯೇ. ಆಮೇಲೆ ಭಾರ ಹತ್ತು ಪಟ್ಟಾಯಿತು, ಡಿಸ್ಕ್ ಕೆಟ್ಟ ವಾರದಲ್ಲಿ ಎರಡು ನಿಮಿಷ ಕಾಯುವುದು ಸಾಮಾನ್ಯವಾಯಿತು, ಸಾಲು ಮರೆತುಹೋಗಿತ್ತು. ಆ ಸಾಲಿಲ್ಲದಿದ್ದರೆ ನನ್ನ ಬ್ಯಾಕಪ್ಪಿನಿಂದ ಯಂತ್ರ ಆ ಮಧ್ಯಾಹ್ನ ಕುಂಟುತ್ತಿತ್ತು, ಬೀಳುತ್ತಿರಲಿಲ್ಲ.

ಡಂಪಿನ ಪಕ್ಕದಲ್ಲಿ ಒಂದು ಸಣ್ಣ ಕಡತವಿತ್ತು. ಅದನ್ನು ತೆರೆಯದಿದ್ದರೆ ಚೆನ್ನಾಗಿತ್ತೇನೋ. ಅದೇ ಗುರುವಾರ ಮಧ್ಯಾಹ್ನ ಸರ ಬರೆದಿಟ್ಟದ್ದು. ಬಿದ್ದ ಗಂಟೆ, ನಡೆಯುತ್ತಿದ್ದ ಕೆಲಸಗಳು, ಕೊನೆಯ ಸಾಲುಗಳು, ಎಲ್ಲವೂ ಕ್ರಮದಲ್ಲಿ. ಕಾರಣ: 'ಎರಡು ನಿಮಿಷದ ಸಾಲು, ನಾನೇ ಹಾಕಿದ್ದು, ಈಗ ತೆಗೆದೆ.' ಮರೆತದ್ದಾಗಿದ್ದರೆ, ತಿಳಿಯದೆ ಆದದ್ದಾಗಿದ್ದರೆ ನಾನು ಯಾವಾಗಲೋ ಬಿಟ್ಟುಬಿಡುತ್ತಿದ್ದೆ. ನಾನು ಪಕ್ಕದ ಕೋಣೆಯಲ್ಲಿ ಅವರ ಪರವಾಗಿ ಆಸ್ಪತ್ರೆಯವರ ಬೈಗುಳ ತಿನ್ನುತ್ತಿದ್ದಾಗ ಅವರು ಒಳಗೆ ಕೂತು ನಿಜವನ್ನು ನೀಟಾಗಿ ಯಂತ್ರದಲ್ಲಿ ಬರೆದಿಟ್ಟು, ಸುಳ್ಳನ್ನು ರಿಜಿಸ್ಟರಿನಲ್ಲಿ ಬರೆದು ನನ್ನ ಮುಂದೆ ಹಿಡಿದಿದ್ದರು. ನಿಜ ಬರೆದಿಡುವ ಅಭ್ಯಾಸ ಬಿಡಲು ಅವರಿಂದ ಆಗಲಿಲ್ಲ, ನನ್ನನ್ನು ಬಿಡಲು ಆಯಿತು. ಅಂದು ನಾನು ಊಟದ ಡಬ್ಬಿ ತೆರೆಯಲಿಲ್ಲ.

ಆ ಕಡತವನ್ನು ಮುದ್ರಿಸಿ ಹಳೆಯ ಯಜಮಾನರ ಹತ್ತಿರ ಒಯ್ದೆ. ಅವರು ಓದಿ, ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಟೈಪು ಮಾಡಬಹುದು, ರಿಜಿಸ್ಟರಿನಲ್ಲಿ ಇರುವುದು ನಿನ್ನದೇ ಸಹಿ ಎಂದರು. ನಿಮ್ಮ ಗುರುಗಳೇ ಸಹಿ ಹಾಕಿ ಕೊಟ್ಟರೆ ನೋಡೋಣ ಎಂದರು. ಹಾಗಾಗಿ ಗದ್ವಾಲಿಗೆ ಹೋದೆ.

ನೇಕಾರರ ಓಣಿಯಲ್ಲಿ ಮನೆ. ಅವರ ಹೆಂಡತಿ ಸಂತೆಗೆ ಹೋಗಿದ್ದರು. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಕಾಗದ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿ ಮಡಚಿ ನನ್ನ ಕೈಗೇ ಕೊಟ್ಟರು.

'ಪೂರಾ ಬಂದಿತ್ತವ್ವ. ಅವತ್ತೇ ಓದಿದ್ನಿ' ಎಂದರು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಮಗ್ಗದ ಸದ್ದಿನ ಕಡೆ ಮುಖ ತಿರುಗಿಸಿ ಹೇಳಿದರು.

'ನನ್ ಹತ್ರ ಸರ್ಟಿಫಿಕೇಟ್ ಇದ್ದಿಲ್ಲ. ಇವ್ರು ತಪ್ಪು ಮಾಡಲ್ಲ ಅಂತ ಮಂದಿ ಅಂತಿದ್ರಲ್ಲ, ಅದೊಂದ ಇತ್ತು. ನಿನಗ ವಯಸ್ಸು ಐತಿ, ಮತ್ತ ಹೆಸರು ಮಾಡ್ಕೊಂತಿ ಅನ್ಕೊಂಡ್ನಿ.'

ನನ್ನ ಹೆಸರನ್ನು ನನ್ನನ್ನು ಕೇಳದೆ ತೆಗೆದು ತಮ್ಮ ಹೆಸರಿಗೆ ತೇಪೆ ಹಾಕಿಕೊಂಡಿದ್ದರು. ಆದರೂ ಬಾಯಲ್ಲಿ ಬಂದದ್ದು ಬಹುವಚನವೇ. ಇದನ್ನೇ ಒಂದು ಹಾಳೆಯಲ್ಲಿ ಬರೆದು ಸೈ ಮಾಡಿ ಕೊಡ್ರಿ ಸರ, ಮತ್ತೇನೂ ಬೇಡ ಎಂದೆ. ಕೊಡುತ್ತೇನೆ, ಇವತ್ತು ಕೈ ನಡುಗುತ್ತದೆ, ಮುಂದಿನ ವಾರ ಬಾ ಎಂದರು. ಮುಂದಿನ ವಾರ ಹೋದೆ. ಬೀಗ ಹಾಕಿತ್ತು, ಕರ್ನೂಲಿನ ಮಗಳ ಮನೆಗೆ ಹೋಗಿದ್ದಾರೆ ಎಂದರು ಪಕ್ಕದವರು. ಆಮೇಲೆ ಫೋನು ಎತ್ತಲಿಲ್ಲ. ಇಂದು ಎತ್ತುತ್ತಾರೆ, ನಾಳೆ ಎತ್ತುತ್ತಾರೆ ಎಂದು ನಾನು ತಿಂಗಳುಗಟ್ಟಲೆ ಮಾಡುತ್ತಲೇ ಇದ್ದೆ. ಅಷ್ಟರಲ್ಲಿ ಈ ಸುದ್ದಿ ಬಂತು.

ಹನ್ನೊಂದನೇ ದಿನದ ಊಟಕ್ಕೆ ಗದ್ವಾಲಿಗೆ ಹೋದೆ. ಒಂದು ಹಾಳೆ ಬರೆದಿಟ್ಟು ಹೋಗಿರಬಹುದು, ಮನೆಯವರ ಕೈಯಲ್ಲಿ ಕೊಟ್ಟಿರಬಹುದು ಎಂಬ ಆಸೆ ಒಳಗೆ ಇತ್ತು. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೂರು ಊರಿನ ಲ್ಯಾಬಿನವರೂ ಬಂದಿದ್ದರು. ಹಳೆಯ ಯಜಮಾನರು ಎದ್ದು ನಿಂತು ನಾಲ್ಕು ಮಾತಾಡಿದರು. ಅವರು ಎಂಥ ಸತ್ಯವಂತರೆಂದರೆ, ಮಗಳಂತೆ ಸಾಕಿದ ಶಿಷ್ಯೆ ತಪ್ಪು ಮಾಡಿದಾಗಲೂ ಮುಚ್ಚಿಡದೆ ಬರೆದು ಕೊಟ್ಟರು ಎಂದರು. ಕೆಲವರು ನನ್ನ ಕಡೆ ತಿರುಗಿ ನೋಡಿದರು.

ಸಾಲಾಗಿ ಎಲೆ ಹಾಕುವಾಗ ಅವರ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದರು.

'ನೀನಾ ಅವ್ವಾ ಆ ಹುಡುಗಿ? ಮನ್ಯಾಗ ನಿನ್ನ ಮಾತು ಭಾಳ ತಗೀತಿದ್ರು. ಮನಿತನಕ ಬಂದು ತಪ್ಪು ಒಪ್ಕೊಂಡು ಹ್ವಾದ್ಲು, ನಾನೂ ಮಾಫ್ ಮಾಡಿ ಕಳಿಸೀನಿ ಅಂತ ಹೇಳಿದ್ರು.'

ಅವರು ಏನಾದರೂ ಬರೆದು ಕೊಟ್ಟಿದ್ದಾರೆಯೇ ಎಂದು ಕೇಳಬೇಕೆಂದು ಬಂದಿದ್ದೆ. ಕೇಳುವ ಅಗತ್ಯ ಉಳಿಯಲಿಲ್ಲ. ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಗಟ್ಟಿಯಾಗಿ ಆಡದಿದ್ದ ಮಾತನ್ನು ಆ ಅಂಗಳದಲ್ಲಿ ಆಡಿದೆ.

'ಅಮ್ಮಾರ, ತಪ್ಪು ನಂದಲ್ರೀ. ಅವರದು.'

ಅವರು ನನ್ನ ಮುಖವನ್ನು ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಬೆನ್ನು ಸವರಿದರು.

'ಇರ್ಲಿ ಬಿಡವ್ವ. ಮಾಫ್ ಮಾಡಿ ಹೋಗ್ಯಾರ, ಇನ್ನ ಯಾಕ ಆ ಮಾತು? ಉಣ್ಣು ಬಾ.'

ಎಲೆಯ ಮುಂದೆ ಕೂರಿಸಿ ತಾವೇ ಅನ್ನ ಬಡಿಸಿದರು. ಹನ್ನೊಂದನೇ ದಿನದ ಎಲೆಯನ್ನು ಬಿಟ್ಟು ಏಳಬಾರದೆಂದು ನನಗೂ ಗೊತ್ತು. ನಾನು ಎದ್ದು ಬಂದೆ.